ನಡುಹೊಳೆಯಲ್ಲಿ ನಿಂತ ಹಾಡು

ಅಡವಯ್ಯನ ಮಠಕ್ಕೆ ಕದ ಇರಲಿಲ್ಲ. ಚೌಕಟ್ಟು ಮಾತ್ರ ಇತ್ತು.

ಹೊಳೆಯ ದಂಡೆಯ ಮೇಲೆ ಎರಡು ಕೋಣೆ, ಮುಂದೆ ಒಂದು ಬೇವಿನ ಮರ. ಮಠ ಎಂದರೆ ಅಷ್ಟೆ.

ಅಲ್ಲಿನ ಕಟ್ಟಳೆ ಎರಡು. ಏಕತಾರಿ ಹಿಡಿದು ಹಾಡು ಎತ್ತಿದವನು ಕೊನೆಯ ನುಡಿಯನ್ನೂ ಹಾಡಿಯೇ ಏಕತಾರಿ ಕೆಳಗಿಡಬೇಕು. ಅದಕ್ಕೆ ಹಾಡು ಇಳಿಸುವುದು ಎನ್ನುತ್ತಿದ್ದರು, ತಲೆಯ ಮೇಲಿನ ಹೊರೆ ಇಳಿಸಿದ ಹಾಗೆ. ಇನ್ನೊಂದು, ಬೇಕೆಂದವರಿಗೆ ಹಾಡನ್ನು ಪೂರ್ತಿ ಕೊಡಬೇಕು. ನೀವು ಯಾರು ಎಂದು ಕೇಳಬಾರದು.

ಅಡವಯ್ಯನ ತುಟಿಗಳು ಸದಾ ಅಲುಗುತ್ತಿದ್ದವು. ಉಣ್ಣುವಾಗ, ನಡೆಯುವಾಗ, ಎದುರಿನವರು ಮಾತಾಡುವಾಗಲೂ. ಜಪ ಎಂದು ಊರವರು ದೂರದಿಂದಲೇ ಕೈ ಮುಗಿಯುತ್ತಿದ್ದರು.

ಶಿಷ್ಯ ಒಬ್ಬನೇ. ಹೆಸರು ರೇವಣ. ನಲವತ್ತು ದಾಟಿದವನು. ಒಳ್ಳೆಯ ಗಂಟಲು.

ಒಂದು ದಿನ ರೇವಣ ಗುರುವಿನ ಮುಂದೆ ಮೊಬೈಲ್ ಹಿಡಿದ.

“ಅಪ್ಪಾರ, ಇದರಾಗ ಹಾಡು ಬಿಟ್ರ ಲೋಕದಾಗ ಯಾರು ಬೇಕಾದ್ರೂ ಕೇಳಬಹುದ್ರಿ.”

“ನೀ ಯಾರು ಅಂತ ಕೇಳತೈತೇನು ಅದು?”

“ಇಲ್ರಿ.”

“ಕದ ಐತೇನು?”

“ಹಾಕಿದ್ರ ಐತ್ರಿ.”

“ಹಾಕಬ್ಯಾಡ.”

ರೇವಣ ಹಾಕಲಿಲ್ಲ. ಮಠದ ಹಾಡುಗಳು ಒಂದೊಂದಾಗಿ ಹೊರಗೆ ಹೋದವು.

ಮಳೆಗಾಲ ಕಳೆದ ಮೇಲೆ ಅವನು ಮುಖ ಕೆಂಪಗೆ ಮಾಡಿಕೊಂಡು ಬಂದ.

“ಅಪ್ಪಾರ, ಯಾವನೋ ರೇಷ್ಮಿ ಜುಬ್ಬಾದಾಂವ ನಮ್ಮ ಹಾಡು ಲಗ್ನದಾಗ ಹಾಡ್ಯಾನ್ರಿ. ಲಕ್ಷಗಟ್ಟಲೆ ಮಂದಿ ನೋಡ್ಯಾರ.”

“ಚಲೋ ಹಾಡ್ಯಾನೇನು?”

“ನಿಮ್ಮ ಹೆಸರಿಲ್ಲ, ನನ್ನ ಹೆಸರಿಲ್ಲ.”

“ನಾ ಕೇಳಿದ್ದು ಅದಲ್ಲ.”

ಆ ಜುಬ್ಬಾದವನು ಚೆನ್ನಾಗಿಯೇ ಹಾಡಿದ್ದ. ಅದೇ ರೇವಣನಿಗೆ ಹೆಚ್ಚು ಉರಿಯುತ್ತಿತ್ತು.

ಆ ಸಂಜೆ ಅಡವಯ್ಯ ಬೇವಿನ ಕೆಳಗೆ ಹಾಡುತ್ತ ಒಂದು ಸಾಲಿಗೆ ನಿಂತುಬಿಟ್ಟ. ಮರೆತಿತ್ತು. ಹೊಳೆಯಲ್ಲಿ ಅರಿವೆ ಒಗೆಯುತ್ತಿದ್ದ ಹಂಪವ್ವ ತಲೆ ಎತ್ತದೆ ಆ ಸಾಲು ಕೂಗಿ ಹೇಳಿದಳು. ಅಡವಯ್ಯ ಹಿಡಿದುಕೊಂಡು ಮುಂದೆ ಹಾಡಿದ.

ರೇವಣನಿಗೆ ನಾಚಿಕೆಯಾಯಿತು. “ಹಾಡು ಕಟ್ಟಿದವರಿಗೆ ಅರಿವಿ ಒಗಿಯಾಕಿ ಹೇಳಿಕೊಡೂದೇನ್ರಿ?”

“ನಾ ಹಾಡು ಎಲ್ಲೆಲ್ಲಿ ಇಟ್ಟೀನಿ ನೋಡಿದಿ?” ಎಂದ ಅಡವಯ್ಯ.

ಚಳಿಗಾಲ ಮುಗಿಯುವಾಗ ಅಡವಯ್ಯ ಅವನನ್ನು ಹತ್ತಿರ ಕರೆದ.

“ಒಂದು ಉಳದೈತಿ. ಕೂಡು.”

ಅದು ನಾಲ್ಕು ನುಡಿಯ ಹಾಡು. ಮೊದಲ ನುಡಿಯಲ್ಲಿ ದೋಣಿ. ಎರಡನೆಯದರಲ್ಲಿ ಹುಟ್ಟು. ಮೂರನೆಯದರಲ್ಲಿ ನಡುಹೊಳೆ. ನಾಲ್ಕನೆಯದರಲ್ಲಿ ದಂಡೆ.

ರೇವಣ ಇಷ್ಟು ವರ್ಷದಲ್ಲಿ ಅಂಥ ಹಾಡು ಕೇಳಿರಲಿಲ್ಲ. ಮೂರು ಸಲ ಹೇಳಿಸಿಕೊಂಡು ಬಾಯಿಗೆ ತಂದುಕೊಂಡ. ನಾಲ್ಕನೆಯ ನುಡಿ ಅವನ ಬಾಯಲ್ಲಿ ಮುಗಿದ ಕ್ಷಣವೇ ಅಡವಯ್ಯನ ತುಟಿಗಳು ನಿಂತವು.

ರೇವಣ ಹೆದರಿ ಗುರುವಿನ ಮೂಗಿನ ಹತ್ತಿರ ಕೈ ಹಿಡಿದ.

“ಸತ್ತಿಲ್ಲ. ಕೈ ತಗಿ,” ಎಂದ ಅಡವಯ್ಯ. “ಇದನ್ನ ಇವತ್ತ ಕೊಟ್ಟುಬಿಡು. ಪೂರಾ ಕೊಡು.”

ರೇವಣ ಬೇವಿನ ಕೆಳಗೆ ಕೂತು ನಾಲ್ಕೂ ನುಡಿ ಹಾಡಿ ಮೊಬೈಲಿಗೆ ಹಿಡಿದ. ಹೊರಗೆ ಬಿಡುವ ಮೊದಲು ಬೆರಳು ತಡೆಯಿತು. ಜುಬ್ಬಾದವನ ಮುಖ ನೆನಪಾಯಿತು.

ನಾಲ್ಕನೆಯ ನುಡಿಯನ್ನು ಕತ್ತರಿಸಿ ತನ್ನ ಬಳಿ ಇಟ್ಟುಕೊಂಡ. ಮೂರನ್ನು ಬಿಟ್ಟ. ಉಳಿದದ್ದು ಬೇಕಾದವರು ಇಲ್ಲಿಗೆ ಬರಲಿ. ಯಾರ ಹಾಡು ಎಂದು ಗೊತ್ತಾಗಲಿ.

“ಕೊಟ್ಟಿ?” ಎಂದ ಅಡವಯ್ಯ.

“ಕೊಟ್ಟೀನ್ರಿ.”

ಮೂರನೆಯ ದಿನ ಮೊಬೈಲಿಗೆ ಮೊದಲ ಓಲೆ ಬಂತು. ಯಾವುದೋ ಆಸ್ಪತ್ರೆಯ ನರ್ಸ್ ಬರೆದಿದ್ದಳು: ‘ಹಾಡು ಕೇಳಿದಾಗಿನಿಂದ ಕಾಲ ಕೆಳಗೆ ನೆಲ ಸಿಗುತ್ತಿಲ್ಲ. ಮುಂದೆ ಏನು?’

ಮರುದಿನ ಇನ್ನಷ್ಟು ಬಂದವು. ಒಬ್ಬರನ್ನೊಬ್ಬರು ಅರಿಯದ ಜನ. ಮಾತು ಒಂದೇ. ಕಾಲ ಕೆಳಗೆ ನೆಲ ಇಲ್ಲ. ಮುಂದೆ ಏನು?

ರೇವಣ ಎಲ್ಲರಿಗೂ ಮಠದ ದಾರಿ ಬರೆದು ಕಳಿಸಿದ. ಕೆಳಗೆ ತನ್ನ ಹೆಸರು ಹಾಕಿದ.

ಮೊದಲು ಬಂದವನು ಬಸ್ ಕಂಡಕ್ಟರ್ ಯಂಕೋಬ. ಹೆಗಲಿನ ಚೀಲ ಹಾಗೇ ಇತ್ತು. ರೇವಣ ಅಂಗಳಕ್ಕೆ ಇಳಿದು, “ನಾನ ರೇವಣ. ಹಾಡಿದಾಂವ,” ಎಂದ.

ಯಂಕೋಬ ನೋಡಲಿಲ್ಲ. ನೆಟ್ಟಗೆ ಮರಳಿಗೆ ಇಳಿದು, ಹೊಳೆಗೆ ಮುಖ ಮಾಡಿ ಕೂತ. ಅವನ ತುಟಿಗಳು ಅಲುಗುತ್ತಿದ್ದವು.

ಅವನ ಪ್ಯಾಂಟು ಮೊಣಕಾಲಿನ ತನಕ ಒದ್ದೆಯಾಗಿತ್ತು.

ಬೇಸಿಗೆ ಕಾಲಿಟ್ಟಿತ್ತು. ಹೊಳೆ ಸೊರಗಿ ಆಚೆ ಬದಿಗೆ ಸರಿದಿತ್ತು. ಈ ಬದಿಯಲ್ಲಿ ನೀರಿನ ಒಂದು ಎಳೆ ಮಾತ್ರ ಉಳಿದಿತ್ತು. ಅವನು ಬಂದದ್ದು ಧೂಳಿನ ರಸ್ತೆಯಿಂದ.

ಯಂಕೋಬನ ಮುಂದೆ, ನೀರಿನ ಅಂಚಿಗೆ, ಇನ್ನೊಬ್ಬರು ಆಗಲೇ ಕೂತಿದ್ದರು. ತಲೆಯ ಮೇಲೆ ಕಂಬಳಿ ಕೊಪ್ಪೆ. ಕುರಿ ಕಾಯುವವರಿರಬೇಕು ಎಂದುಕೊಂಡ ರೇವಣ. ಕುರಿ ಮಾತ್ರ ಕಾಣಲಿಲ್ಲ.

ಮಾರನೆಯ ದಿನ ಕೊರಳಲ್ಲಿ ಅಳತೆಯ ಟೇಪು ಹಾಕಿಕೊಂಡ ದರ್ಜಿ ಬಂದು ಯಂಕೋಬನ ಹಿಂದೆ ಕೂತ. ಆಮೇಲೆ ಆ ನರ್ಸ್. ಕೈ ಕೈ ಹಿಡಿದುಕೊಂಡ ಅಕ್ಕ ತಂಗಿ. ಕಣ್ಣು ಕಾಣದ ಒಬ್ಬ ಮುದುಕ, ಯಾರೂ ಕೈಹಿಡಿದು ತಂದಿರಲಿಲ್ಲ. ಒಬ್ಬರ ಹಿಂದೆ ಒಬ್ಬರು, ನೀರಿನಿಂದ ಮಠದ ಕಡೆಗೆ ಸಾಲು ಬೆಳೆಯಿತು. ದೋಣಿಯಲ್ಲಿ ಕೂತ ಹಾಗೆ. ಎಲ್ಲರ ಬಟ್ಟೆಯೂ ಮೊಣಕಾಲಿನ ತನಕ ಒದ್ದೆ. ಬಿಸಿಲಿಗೆ ಅದು ಒಣಗುತ್ತಿರಲಿಲ್ಲ.

ಅನ್ನ ಕೊಟ್ಟರೆ ಉಣ್ಣುತ್ತಿದ್ದರು. ಕೊಡದಿದ್ದರೆ ಕೇಳುತ್ತಿರಲಿಲ್ಲ. ಹೆಸರು ಕೇಳಿದರೆ ತಮ್ಮದನ್ನೇ ಮರೆತವರ ಹಾಗೆ ನೋಡುತ್ತಿದ್ದರು.

ದಿನಾ ನಡುಮಧ್ಯಾಹ್ನ ಎಲ್ಲರೂ ಒಟ್ಟಿಗೆ ದನಿ ತೆಗೆಯುತ್ತಿದ್ದರು. ದೋಣಿ. ಹುಟ್ಟು. ನಡುಹೊಳೆ. ಅಲ್ಲಿಗೆ ಎಲ್ಲರ ದನಿಯೂ ಒಂದೇ ಸಲ ನಿಲ್ಲುತ್ತಿತ್ತು.

ಆಗ ಬೇವಿನ ಎಲೆ ಅಲುಗುತ್ತಿರಲಿಲ್ಲ. ಹಂಪವ್ವನ ಕೈ ಒಗೆಯುವ ಕಲ್ಲಿನ ಮೇಲೆ ಎತ್ತಿದಲ್ಲೇ ಇರುತ್ತಿತ್ತು. ಹೊಳೆಯ ಸದ್ದೂ ಕೇಳುತ್ತಿರಲಿಲ್ಲ.

ಮತ್ತೆ ಮೊದಲಿನಿಂದ. ದೋಣಿ.

ಅಡವಯ್ಯ ಬೇವಿನ ಕೆಳಗೆ ಕೂತು ನೋಡುತ್ತಿದ್ದ.

ಒಂಬತ್ತನೆಯ ದಿನ ಸಾಲಿನ ಕೊನೆಗೆ ಬಂದು ಕೂತವನು ರೇಷ್ಮೆ ಜುಬ್ಬಾದವನು.

ರೇವಣ ಇದಕ್ಕೇ ಕಾದಿದ್ದ. ಹೋಗಿ ಅವನ ಎದುರು ನಿಂತ.

“ನಾಲ್ಕನೇ ನುಡಿ ನನ್ನ ಹತ್ರ ಐತಿ.”

ಜುಬ್ಬಾದವನ ಕಣ್ಣು ರೇವಣನನ್ನು ದಾಟಿ ಹೊಳೆಯ ಮೇಲೆ ಇತ್ತು. ತುಟಿ ಅಲುಗುತ್ತಿತ್ತು.

“ಕೇಳಿಸ್ತೇನು? ನನ್ನ ಹತ್ರ ಐತಿ. ಬೇಕಂತ ಕೇಳು, ಹಾಡತೀನಿ.”

ಅವನು ಕೇಳಲಿಲ್ಲ. ರೇವಣನಿಗೆ ಮೊದಲ ಬಾರಿ ಹೆದರಿಕೆಯಾಯಿತು. ಹೆಸರು ಹಾಳಾಗಲಿ, ಇವರು ಎದ್ದು ಹೋದರೆ ಸಾಕು ಎನ್ನಿಸಿತು. ಅಲ್ಲೇ ನಿಂತು ನಾಲ್ಕನೆಯ ನುಡಿ ಹಾಡಲು ಬಾಯಿ ತೆರೆದ.

ಏನೂ ಬರಲಿಲ್ಲ.

ಮೊದಲ ಅಕ್ಷರವೂ ಇರಲಿಲ್ಲ. ನುಡಿ ಇದ್ದ ಜಾಗವೇ ತಲೆಯಲ್ಲಿ ಇರಲಿಲ್ಲ.

ಮಠಕ್ಕೆ ಓಡಿ ಮೊಬೈಲ್ ತೆಗೆದ. ಕತ್ತರಿಸಿ ಇಟ್ಟ ತುಂಡು ಹಾಗೇ ಇತ್ತು. ಕಿವಿಗೆ ಹಿಡಿದ. ಏಕತಾರಿಯ ತಂತಿ ಮಿಡಿಯಿತು. ಅವನೇ ಉಸಿರು ಒಳಗೆ ಎಳೆದುಕೊಂಡದ್ದು ಕೇಳಿಸಿತು. ತಂತಿ ಮಿಡಿಯುತ್ತಲೇ ಇತ್ತು. ದನಿ ಇರಲಿಲ್ಲ. ಕೊನೆಯ ತನಕ ಇರಲಿಲ್ಲ.

ಅವನು ಬೇವಿನ ಕೆಳಗೆ ಹೋಗಿ ಗುರುವಿನ ಕಾಲು ಹಿಡಿದ.

“ಅಪ್ಪಾರ, ನಾ ಪೂರಾ ಕೊಡಲಿಲ್ರಿ.”

“ಗೊತ್ತೈತಿ.”

“ಯಾವಾಗಿಂದ?”

“ಕೊಟ್ಟೀನಿ ಅಂದಾಗ ನಿನ್ನ ತುಟಿ ಅಲಗತಿದ್ದವು.”

ರೇವಣ ತುಟಿ ಮುಟ್ಟಿ ನೋಡಿಕೊಂಡ. ಅವು ತಮ್ಮಷ್ಟಕ್ಕೆ ಆಡುತ್ತಿದ್ದವು. ಒತ್ತಿ ಹಿಡಿದ. ಬೆರಳ ಕೆಳಗೂ ಆಡಿದವು.

“ಇದು ಜಪ ಅಲ್ಲೇನ್ರಿ?”

“ನಲವತ್ತು ವರ್ಷ ಜಪ ಮಾಡಾಕ ನಾ ಏನು ದೊಡ್ಡ ಶರಣನೇನು? ನಮ್ಮ ಅಪ್ಪಾರು ಕೊಟ್ಟ ಹಾಡು. ತಕ್ಕ ಕಿವಿ ಸಿಗಲಿ ಅಂತ ಇಟಗೊಂಡೆ. ಇಳಿಸಾಕ ಆಗಲಿಲ್ಲ.”

“ನನಗ ಕೊಟ್ರಲ್ಲಾ. ಈಗ ಮತ್ತ ಒಮ್ಮೆ ಹೇಳ್ರಿ. ಅವರು ಎದ್ದು ಹೋಗಲಿ.”

“ಕೇಳಿದ್ದು ನೀ ಒಬ್ಬನ. ನಾ ಮರತರ ಕೂಗಿ ಹೇಳಾಕ ಹಂಪವ್ವಗೂ ಗೊತ್ತಿಲ್ಲ.”

“ಮರತೀರೇನ್ರಿ?”

“ಇಳಿಸಿದ ಮ್ಯಾಲೆ ತಲಿ ಮ್ಯಾಲೆ ಇರತೈತೇನು?”

ಮರಳ ಕಡೆಯಿಂದ ಮೂರನೆಯ ನುಡಿ ಕೇಳಿಬರುತ್ತಿತ್ತು. ನಿಂತಿತು. ಇಬ್ಬರೂ ಆ ಮೌನ ಮುಗಿಯುವ ತನಕ ಉಸಿರು ಹಿಡಿದರು.

“ಈಗ ಏನು ಮಾಡಲ್ರಿ?”

“ಹೋಗಿ ಕೂಡು.”

“ಎಲ್ಲಿ?”

“ಎಲ್ಲಾರ ಹಿಂದ.”

“ಅವನ ಹಿಂದೇನ್ರಿ?”

ಅಡವಯ್ಯ ಸಾಲಿನ ಕೊನೆಯತ್ತ ಕೈ ತೋರಿಸಿದ.

ರೇವಣ ಹೋಗಿ ಜುಬ್ಬಾದವನ ಬೆನ್ನ ಹಿಂದೆ ಕೂತ. ಕೂತದ್ದೇ ತಡ, ಮೊಣಕಾಲಿಗೆ ತಣ್ಣೀರು ಮುಟ್ಟಿದ ಹಾಗಾಯಿತು. ಕೆಳಗೆ ಒಣ ಮರಳು. ಧೋತರ ಒದ್ದೆ.

ಅವರ ಜೊತೆ ದನಿ ಕೂಡಿಸಿದ. ತನ್ನ ದನಿ ಯಾವುದು ಎಂದು ಅವನಿಗೇ ತಿಳಿಯಲಿಲ್ಲ. ದೋಣಿ. ಹುಟ್ಟು. ನಡುಹೊಳೆ.

ಎಲ್ಲರ ದನಿಯೂ ನಿಂತಿತು.

ಆಗ ಸಾಲಿನ ತುದಿಯಲ್ಲಿ, ನೀರಿನ ಅಂಚಿನಲ್ಲಿ, ಕಂಬಳಿ ಕೊಪ್ಪೆ ಹಿಂದಕ್ಕೆ ತಿರುಗಿತು. ಅಷ್ಟು ದಿನ ಅದು ಅಲುಗಿದ್ದನ್ನು ಯಾರೂ ಕಂಡಿರಲಿಲ್ಲ. ಮುಖ ಕಾಣಲಿಲ್ಲ. ಅದು ಯಂಕೋಬನ ಕಿವಿಗೆ ಬಾಗಿತು.

ಯಂಕೋಬನ ತುಟಿಗಳು ನಿಂತವು. ಅವನು ತಿರುಗಿ ದರ್ಜಿಯ ಕಿವಿಯಲ್ಲಿ ಮೆಲ್ಲಗೆ ಹಾಡಿದ. ಆಮೇಲೆ ಎದ್ದು ನಿಂತು, ಮರಳು ಕೊಡವಿಕೊಂಡು, ಈಗ ತಾನೆ ಎಚ್ಚರಾದವನ ಹಾಗೆ ಸುತ್ತ ನೋಡಿದ.

“ಲಿಂಗಸೂರು ಬಸ್ ಹೋತೇನ್ರಿ?”

“ಇನ್ನೂ ಇಲ್ಲ,” ಎಂದಳು ಹಂಪವ್ವ, ಕಲ್ಲಿನ ಹತ್ತಿರದಿಂದ.

ಅವನು ರಸ್ತೆಯ ಕಡೆ ನಡೆದ. ಪ್ಯಾಂಟು ಒಣಗಿತ್ತು.

ದರ್ಜಿ ನರ್ಸಿಗೆ ಹಾಡಿದ. ನರ್ಸ್ ಅಕ್ಕನಿಗೆ, ಅಕ್ಕ ತಂಗಿಗೆ, ತಂಗಿ ಮುದುಕನಿಗೆ. ಒಬ್ಬೊಬ್ಬರೇ ಎದ್ದು ಹೋದರು. ಮುದುಕ ಮಾತ್ರ ಎದ್ದ ಮೇಲೆ, “ದಾರಿ ಯಾವ ಕಡಿ?” ಎಂದು ಕೇಳಿ, ತಂಗಿಗಾಗಿ ಕಾದು ನಿಂತಿದ್ದ ಅಕ್ಕನ ಕೈ ಹಿಡಿದು ಹೋದ. ನುಡಿ ಒಂದೊಂದೇ ಕಿವಿ ದಾಟಿ ರೇವಣನ ಕಡೆಗೆ ಬರುತ್ತಿತ್ತು.

ಜುಬ್ಬಾದವನ ಕಿವಿಗೆ ಬಿತ್ತು. ಅವನ ತುಟಿಗಳು ನಿಂತವು.

ಅವನು ಎದ್ದ.

ಜುಬ್ಬಾ ಕೊಡವಿಕೊಂಡ. ರಸ್ತೆ ನೋಡಿದ. ಹಿಂದೆ ಯಾರೋ ಇದ್ದಾರೆ ಎಂಬುದು ಅವನ ಗಮನಕ್ಕೆ ಬಂದಿರಲಿಲ್ಲ. ಎರಡು ಹೆಜ್ಜೆ ಇಟ್ಟ.

ರೇವಣನ ಮೊಣಕಾಲಿನಿಂದ ತಂಪು ಮೇಲೇರಿ ಸೊಂಟ ಮುಟ್ಟಿತು. ಎದೆಗೆ ಬಂತು.

“ಯಣ್ಣಾ,” ಎಂದ ರೇವಣ. “ನನಗೂ ಕೊಡ್ರಿ.”

ಜುಬ್ಬಾದವನು ತಿರುಗಿ ನೋಡಿದ. “ನೀವೂ ಈ ಹಾಡು ಕೇಳಿ ಬಂದವರೇನ್ರಿ?”

ಹೆಸರು ನಾಲಗೆಯ ತುದಿಯ ತನಕ ಬಂತು. ರೇವಣ ಅದನ್ನು ನುಂಗಿದ.

“ಹೌದ್ರಿ,” ಎಂದ.

“ಅದಕ್ಕ ಕೊಡ್ರಿ ಅನ್ನೋದು ಏನೈತಿ? ಕಿವಿ ತರ್ರಿ.”

ಅವನು ಬಗ್ಗಿ ಹಾಡಿದ. ಚೆನ್ನಾಗಿ ಹಾಡಿದ. ಮುಗಿಸಿ, ತನ್ನ ಪಾಡಿಗೆ ಹೋದ.

ರೇವಣನ ಕಾಲಿಗೆ ನೆಲ ಸಿಕ್ಕಿತು. ತುಟಿಯ ಮೇಲೆ ಬೆರಳಿಟ್ಟ. ಇನ್ನೂ ಆಡುತ್ತಿದ್ದವು.

ಬೆನ್ನ ಹಿಂದೆ ಯಾರೋ ಕೆಮ್ಮಿದರು. ಅಡವಯ್ಯ ಬಂದು ಕೂತಿದ್ದ, ಸಾಲಿನ ಕಟ್ಟಕಡೆಗೆ.

“ನನಗೂ ಹೇಳು,” ಎಂದ.

ರೇವಣ ಗುರುವಿನ ಕಿವಿಗೆ ಬಾಗಿ ಹಾಡಿದ. ಹಾಡಿ ಮುಗಿಸಿದಾಗ ಅವನ ತುಟಿಗಳು ನಿಂತವು. ಹೊಳೆಯ ಸದ್ದು ಮತ್ತೆ ಕೇಳಿತು.



“ಅಪ್ಪಾರ,” ಎಂದ ರೇವಣ. “ಮರತೀನಿ, ಆದ್ರೂ ಕಿವಿಗೆ ಗೊತ್ತಾತು. ಇದು ನೀವು ಕೊಟ್ಟ ನುಡಿ ಅಲ್ಲ.”

“ಅಲ್ಲ.”

ರೇವಣ ನೀರಿನ ಅಂಚಿನ ಕಡೆ ನೋಡಿದ. ಕಂಬಳಿ ಕೊಪ್ಪೆ ಇರಲಿಲ್ಲ. ಎದ್ದು ಹೋಗಿ ಆ ಜಾಗ ನೋಡಿದ. ಹೊಳೆಯಿಂದ ಮೇಲೆ ಬಂದ ಹೆಜ್ಜೆಗಳಿದ್ದವು. ತಿರುಗಿ ಹೋದ ಹೆಜ್ಜೆ ಯಾವ ಕಡೆಗೂ ಇರಲಿಲ್ಲ.

ಅವನು ಓಡುತ್ತ ಬಂದ.

“ಮುಂದ ಕುಂತಾವರು ಯಾರ್ರಿ? ಈ ನುಡಿ ಯಾರದ್ರಿ?”

ಅಡವಯ್ಯ ಮೊಣಕಾಲಿಗೆ ಕೈಯೂರಿ ಎದ್ದ.

“ಇಷ್ಟು ಮಂದಿ ತಗೊಂಡು ಹೋದ್ರು,” ಎಂದ. “ಯಾರದು ಅಂತ ಒಬ್ಬರೂ ಕೇಳಲಿಲ್ಲ.”