ಟಿಟ್ಟಿಭದ ಅರಿಶಿನದ ಕಾಲು

ಲೋಕ ಇನ್ನೂ ಹಸಿಹಸಿಯಾಗಿತ್ತು. ಬೆಟ್ಟಗಳು ಆಗಷ್ಟೇ ಜಾಗ ಹಿಡಿದು ಕೂತಿದ್ದವು, ಕೆರೆ ಮೊದಲ ಸಲ ತುಂಬಿತ್ತು. ಹಕ್ಕಿಗಳ ಕಾಲಿಗೆ ಬಣ್ಣ ಹಚ್ಚುವುದು ಯಾರಿಗೂ ನೆನಪಾಗಿರಲಿಲ್ಲ. ಎಲ್ಲರ ಕಾಲೂ ಕೆಸರಿನ ಬಣ್ಣದ್ದೇ.

ಆ ಕೆರೆಯ ದಂಡೆಯ ಹುಲ್ಲಿನಲ್ಲಿ ಒಂದು ಗೌಜಲ ಹಕ್ಕಿ ಒಂಬತ್ತು ಮರಿ ಮಾಡಿದ್ದಳು. ಎಲ್ಲರೂ ಅವಳನ್ನು ಗೌಜಲಕ್ಕ ಎನ್ನುತ್ತಿದ್ದರು. ಮರಿಗಳು ಒಂದೊಂದೂ ಎಳ್ಳುಂಡೆಯಷ್ಟಿದ್ದವು. ಒಂದಕ್ಕೂ ಹಾರಲು ಬರುತ್ತಿರಲಿಲ್ಲ.

ಗೌಜಲಕ್ಕನ ತಲೆನೋವೆಂದರೆ ಪಕ್ಕದ ಟಿಟ್ಟಿಭ. ಬರೀ ಕಲ್ಲುಗಳ ನಡುವೆ ನಾಲ್ಕು ಮೊಟ್ಟೆ ಇಟ್ಟುಕೊಂಡು ಕೂತ ಆ ಉದ್ದಕಾಲಿನವಳು ಎಲೆ ಬಿದ್ದರೆ ಕಿರುಚುವಳು. ಮೋಡದ ನೆರಳು ಬಿದ್ದರೆ ಕಿರುಚುವಳು. ಕೆರೆ ಒಂದು ತೆರೆ ಎತ್ತಿದರೂ ಕಿರುಚುವಳು. ಟಿಟ್ಟಿಟ್ಟೀ ಎಂದೊಡನೆ, ಆಗಷ್ಟೇ ಕಣ್ಣು ಮುಚ್ಚಿದ ಒಂಬತ್ತು ಮರಿಗಳೂ ಎದ್ದು ಅಮ್ಮನ ಹೊಟ್ಟೆಯಡಿ ನುಗ್ಗುತ್ತಿದ್ದವು. ಮಲಗಿದ ಮಕ್ಕಳನ್ನು ಎಬ್ಬಿಸಿದವರ ಮೇಲೆ ಎಂಥ ಸಿಟ್ಟು ಬರುತ್ತದೆಂದು ಹೆತ್ತವಳಿಗೇ ಗೊತ್ತು.

ಮರಿಗಳಿಗೆ ಹೆಸರಿಡುವ ದಿನ ಬಂತು. ಗೌಜಲಕ್ಕ ಬೆಳವನನ್ನು ಕರೆದಳು, ಪಿಕಳಾರವನ್ನು ಕರೆದಳು, ಗುಬ್ಬಿಗಳ ಹಿಂಡನ್ನೇ ಕರೆದಳು. ಟಿಟ್ಟಿಭವನ್ನು ಕರೆಯಲಿಲ್ಲ. ಸಾಲದ್ದಕ್ಕೆ ಹಿಂದಿನ ದಿನ ಹೋಗಿ ಹೇಳಿಯೂ ಬಂದಳು.

“ನಾಳೆ ನಮ್ಮನೇಲಿ ಶುಭಕಾರ್ಯ. ಸಂಜೆ ತನಕ ಆ ಬಾಯಿಗೊಂದು ಬೀಗ ಹಾಕ್ಕೋ ತಾಯಿ.”

“ಆಯ್ತಕ್ಕ. ಸಂಜೆ ತನಕ ಬಾಯಿ ಬಿಡಲ್ಲ,” ಎಂದಳು ಟಿಟ್ಟಿಭ. ಕರೆಯಲು ಬಂದಿದ್ದಾಳೆಂದು ತಿಳಿದು ಅವಳು ಕಾಲು ತೊಳೆದುಕೊಂಡು ನಿಂತಿದ್ದಳು. ಗೌಜಲಕ್ಕ ಅದನ್ನು ನೋಡಿಯೂ ನೋಡದವಳಂತೆ ಬಂದುಬಿಟ್ಟಳು.

ಆ ವರ್ಷ ಭೂಮಿ ಮೊದಲ ಸಲ ಅರಿಶಿನದ ಕೊಂಬು ಬಿಟ್ಟಿತ್ತು. ಗಾಳಿ ಅದನ್ನು ಕುಟ್ಟಿ ಪುಡಿ ಮಾಡಿ ಕೊಟ್ಟಿತ್ತು. ಒಂದು ಬೇಲದ ಚಿಪ್ಪಿನ ತುಂಬ ಅರಿಶಿನ, ಇನ್ನೊಂದರಲ್ಲಿ ಕುಂಕುಮ. ಹೆಸರಿಟ್ಟ ಮೇಲೆ ಬಂದವರಿಗೆಲ್ಲ ಹಚ್ಚಬೇಕು. ಪಿಕಳಾರವಂತೂ ಬೆಳಗ್ಗೆಯೇ ಬಂದು ಚಿಪ್ಪಿನ ಪಕ್ಕದಲ್ಲೇ ಕೂತಿತ್ತು.

ಎಲ್ಲ ಎಷ್ಟು ನಿಶ್ಶಬ್ದ. ಗೌಜಲಕ್ಕನಿಗೆ ಹಾಯೆನಿಸಿತು. ನಾಲ್ಕು ಮರಿಗಳ ಕಿವಿಯಲ್ಲಿ ಹೆಸರು ಹೇಳಿದ್ದಾಯಿತು. ಐದನೆಯದರ ಕಿವಿಗೆ ಬಾಗುತ್ತಿದ್ದಳು, ಅಷ್ಟರಲ್ಲಿ ಟಿಟ್ಟಿಟ್ಟೀ.

ಗೌಜಲಕ್ಕನ ಮೈಯೆಲ್ಲ ಉರಿದುಹೋಯಿತು. ಬೈಯಲೆಂದೇ ತಿರುಗಿದಳು. ಹುಲ್ಲು ಸೀಳಿ ಒಂದು ಮೂತಿ ಹೊರಬಂದಿತ್ತು. ನರಿ. ಎರಡೇ ನೆಗೆತದ ದೂರ.

ಅವಳು ಕೂಗಿದಳು, ಮರಿಗಳು ಮುಳ್ಳಿನ ಪೊದೆಗೆ ನುಗ್ಗಿದವು. ನರಿ ನೆಗೆಯಿತು. ಅದರ ತಲೆಯ ಮೇಲೆ ಟಿಟ್ಟಿಭ ಬಿದ್ದಳು, ಕುಕ್ಕಿದಳು, ಎದ್ದಳು, ಮತ್ತೆ ಬಿದ್ದಳು. ನರಿಯ ಬಾಯಿಗೆ ಸಿಕ್ಕಿದ್ದು ಅವಳ ಎರಡು ಪುಕ್ಕ ಮಾತ್ರ. ಈ ಕೇರಿಯಲ್ಲಿ ನೆಮ್ಮದಿಯಾಗಿ ಒಂದು ತುತ್ತು ತಿನ್ನಲೂ ಬಿಡುವುದಿಲ್ಲ ಎಂದು ಗೊಣಗುತ್ತಾ ಅದು ಹೊರಟುಹೋಯಿತು.

ಗೌಜಲಕ್ಕ ಎಣಿಸಿದಳು. ಒಂಬತ್ತು. ನಂಬಿಕೆ ಬರದೆ ಮತ್ತೆ ಎಣಿಸಿದಳು. ಒಂಬತ್ತೇ.

ಆಗ ಕೆರೆ ತಾನು ಕಂಡದ್ದನ್ನು ಹೇಳಿತು. ಟಿಟ್ಟಿಭ ಮೊದಲು ಕಿರುಚಲಿಲ್ಲವಂತೆ. ಕೊಟ್ಟ ಮಾತಿಗಾಗಿ ಬಾಯಿ ಮುಚ್ಚಿಕೊಂಡೇ, ರೆಕ್ಕೆ ಮುರಿದವಳಂತೆ ಕುಂಟುತ್ತಾ ನರಿಯ ಎದುರಿಗೆ ಹೋದಳಂತೆ, ನನ್ನನ್ನೇ ಹಿಡಿ ಎನ್ನುವ ಹಾಗೆ. ನರಿ ಅವಳತ್ತ ತಿರುಗಿಯೂ ನೋಡದಿದ್ದಾಗಲೇ ಬಾಯಿ ಬಿಟ್ಟಳಂತೆ.

ಟಿಟ್ಟಿಭ ದೂರದಲ್ಲೇ ನಿಂತಿದ್ದಳು. “ಮಾತು ತಪ್ಪಿದೆ ಅಕ್ಕ. ಬೈಯೋದಿದ್ರೆ ಬೇಗ ಬೈದುಬಿಡು, ನನ್ನ ಮೊಟ್ಟೆ ಬಿಸಿಲಲ್ಲಿವೆ.”

ಗೌಜಲಕ್ಕ ಅರಿಶಿನದ ಚಿಪ್ಪು ಎತ್ತಿಕೊಂಡಳು.

“ನನ್ನ ಪಾಲೂ ಅವಳ ಕಾಲಿಗೇ ಹಚ್ಚಕ್ಕ,” ಎಂದಿತು ಪಿಕಳಾರ. ಉಳಿದವರೂ ಅದನ್ನೇ ಹೇಳಿದರು.

ಟಿಟ್ಟಿಭ ಮೊಟ್ಟೆಗಳಿಗೆ ನೆರಳಾಗಿ ನಿಂತಳು. ಗೌಜಲಕ್ಕ ಕೆರೆಯ ನೀರಿನಿಂದ ಅವಳ ಕಾಲು ತೊಳೆದು, ಬೆರಳಿನಿಂದ ಮೇಲಿನವರೆಗೂ ಅರಿಶಿನ ಬಳಿದಳು. ಊರಿಗೆಲ್ಲ ಹಂಚಬೇಕಿದ್ದ ಅರಿಶಿನ ಆ ಎರಡು ಕಾಲಿಗೇ ಮುಗಿಯಿತು. ಆಮೇಲೆ ಹಣೆಗೆ ಕುಂಕುಮ ಇಡಲು ಹೋದಳು. ಅದೇ ಹೊತ್ತಿಗೆ ಆಕಾಶದಲ್ಲಿ ಗಿಡುಗದ ನೆರಳು ಸರಿಯಿತು. ಟಿಟ್ಟಿಭ ಥಟ್ಟನೆ ಕತ್ತು ತಿರುಗಿಸಿದಳು. ಕುಂಕುಮ ಹಣೆ ತಪ್ಪಿ ಕೊಕ್ಕಿಗೂ ಕಣ್ಣಿನ ಪಕ್ಕಕ್ಕೂ ಮೆತ್ತಿಕೊಂಡಿತು.

“ಒಂದು ಗಳಿಗೆ ನೆಟ್ಟಗೆ ನಿಲ್ಲೋಕಾಗಲ್ವೇನೇ ನಿಂಗೆ?” ಎಂದು ಗೌಜಲಕ್ಕ ಗದರಿದಳು. ಕಣ್ಣು ಮಾತ್ರ ತುಂಬಿತ್ತು.

“ನಾನು ನೆಟ್ಟಗೆ ನಿಂತ್ರೆ ಮೇಲೆ ನೋಡೋರ್ಯಾರಕ್ಕ?” ಎಂದವಳೇ ಟಿಟ್ಟಿಭ ಕೆರೆಯೆಲ್ಲ ಕೇಳುವಂತೆ ಕಿರುಚಿದಳು. ಒಂಬತ್ತು ಮರಿಗಳೂ ಓಡಿಬಂದು ಗೌಜಲಕ್ಕನ ಹೊಟ್ಟೆಯಡಿ ನುಗ್ಗಿದವು. ಗೌಜಲಕ್ಕ ರೆಕ್ಕೆ ಅಗಲಿಸಿ ಅವನ್ನೆಲ್ಲ ಒಳಗೆ ಸೇರಿಸಿಕೊಂಡಳು. ಕಿರುಚು ತಾಯಿ, ಕಿರುಚು, ಎಂದುಕೊಂಡಳು.

ಅದಕ್ಕೇ ಟಿಟ್ಟಿಭದ ಕಾಲು ಇಂದಿಗೂ ಅರಿಶಿನ, ಕೊಕ್ಕು ಮತ್ತು ಕಣ್ಣಂಚು ಕುಂಕುಮ. ಕೆರೆಯ ಹತ್ತಿರ ಹೋದಾಗ ಅವಳು ನಿನ್ನನ್ನು ಕಂಡು ಕಿರುಚಿದರೆ ಕಿವಿ ಮುಚ್ಚಿಕೊಳ್ಳಬೇಡ ಕಂದ, ಮೆಲ್ಲಗೆ ಹೆಜ್ಜೆ ಇಡು. ಅಲ್ಲೇ ಹುಲ್ಲಿನಲ್ಲಿ ಯಾರದೋ ಮರಿಗಳು ಮಲಗಿರುತ್ತವೆ.