ತಿರುಗ್ತಾ ಅಂದ, ತಿರುಗ್ತು ಅಂದ

ದೇವ್ರಾಣೆ, ಇದು ನಡೆದದ್ದೇ. ಒಂದು ಮಾತೂ ನನ್ನ ಕೈಯಿಂದ ಹಾಕಿಲ್ಲ. ಸುಳ್ಳು ಅನ್ನೋ ಗಂಡಸಿದ್ರೆ ಬಂದು ಆ ನಾಲೆ ಏರಿ ಮೇಲೆ ನಿಂತ್ಕೊಂಡು ಅನ್ಲಿ, ಆಮೇಲೆ ಮಾತಾಡೋಣ. ನಾನು ಓದಿರೋದು ಮೂರನೇ ಕ್ಲಾಸು. ಆದ್ರೆ ಈ ಕಥೇನ ನನ್ನಂಗೆ ಹೇಳೋನು ಈ ಸೀಮೇಲಿ ಇನ್ನೂ ಹುಟ್ಟಿಲ್ಲ.

ನಾಲೆ ದಂಡೇಲಿ ಗೌಸ್ ಉಸ್ತಾದ್ ಅಂತ ಒಬ್ಬ ಗ್ಯಾರೇಜ್ ಇಟ್ಟಿದ್ದ. ತಗಡಿನ ಸೂರು, ಮುಂದೆ ಒಂದು ಹುಣಸೆ ಮರ, ಅಷ್ಟೇ. ಸತ್ತ ಕಾರು ಎಬ್ಬಿಸೋದ್ರಲ್ಲಿ ಅವನನ್ನ ಮೀರಿಸಿದೋರಿಲ್ಲ.

ಅವನ ಹತ್ರ ಕೆಲಸ ಕಲಿಯೋಕೆ ಪುಟ್ಟಮಾದ ಬಂದಿದ್ದ. ಹೆಂಡ್ತಿ ಮಕ್ಕಳಿದ್ದ ಗಂಡಸು, ಮೊದಲು ಟ್ರ್ಯಾಕ್ಟರ್ ರಿಪೇರಿ ಮಾಡ್ತಿದ್ದೋನು. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಭಯ ಅಂದ್ರೆ ಏನು ಅಂತ ಗೊತ್ತಿರ್ಲಿಲ್ಲ. ಗೊತ್ತಿಲ್ಲ ಅಂತ ಊರಿಗೆಲ್ಲಾ ಅವನೇ ಹೇಳಿದ್ದ.

ಒಂದಿನ ಟೀ ಕುಡೀತಾ ಕೇಳ್ದ.

"ಉಸ್ತಾದ್, ಕೆಲಸ ಬಂತು ಅಂತ ಯಾವಾಗ ಗೊತ್ತಾಗುತ್ತೆ?"

"ಕೈ ನಡುಗಿದಾಗ."

ಪುಟ್ಟಮಾದ ನಕ್ಬಿಟ್ಟ. ಮುದುಕನಿಗೆ ವಯಸ್ಸಾಯ್ತು, ಅವನ ಕೈ ನಡುಗ್ತಾ ಇರ್ಬೇಕು, ಅದನ್ನೇ ದೊಡ್ಡ ಮಾತು ಮಾಡ್ತಾನೆ ಅಂದ್ಕೊಂಡ.

ಅಕ್ಕಿ ಮಿಲ್ಲಿನ ಗುರುಮಲ್ಲಪ್ಪ ಅವತ್ತೇ ಲಾರಿ ಮೇಲೆ ಒಂದು ಕಾರು ಹೇರ್ಕೊಂಡು ಬಂದ. ಇಟಲಿ ಕಾರು. ಇಬ್ರೇ ಕೂರೋದು, ಮೊಣಕಾಲೆತ್ತರ, ಕೆಂಪು ಬಣ್ಣ. ಅವರಪ್ಪ ಯಾರೋ ಪರದೇಶದೋನ ಹತ್ರ ತಗೊಂಡಿದ್ದಂತೆ. ಹೊಟ್ಟು ತುಂಬೋ ಕೊಟ್ಟಿಗೇಲಿ ಬಿದ್ದಿತ್ತು, ಒಳಗೆ ಇಲಿ ಸಂಸಾರ ಹೂಡಿತ್ತು.

ಮೇಲ್ಗಡೆ ಹೆಂಗಿತ್ತೋ ಹಂಗೇ ಇರ್ಬೇಕು, ಒಳಗಡೆ ಎಲ್ಲಾ ಹೊಸದಾಗ್ಬೇಕು ಅಂದ. ಹೊಸ ಬ್ರೇಕು, ಹೊಸ ಫ್ಯಾನು, ಹೊಸ ವೈರಿಂಗು. ಇನ್ನೊಂದು ಮಾತು. ಸ್ಟೇರಿಂಗ್ ಎಡಗಡೆ ಇತ್ತು. ಮುಂದಿನ ಬಸ್ಸು ಸೈಡ್ ಹೊಡೀಬೇಕಾದ್ರೆ ಏನೂ ಕಾಣಲ್ಲ, ಬಲಗಡೆಗೆ ತಂದ್ಕೊಡಿ, ಮೊಮ್ಮಗಳನ್ನ ಪಕ್ಕದಲ್ಲಿ ಕೂರಿಸ್ಕೊಂಡು ಹೋಗ್ಬೇಕು ಅಂದ.

ಸಾಮಾನಿನ ದುಡ್ಡು ಉಸ್ತಾದ್ ತನ್ನ ಕೈಯಿಂದಲೇ ಹಾಕ್ದ. ಅವನ ಪದ್ಧತಿ ಅದು. ಕಾರು ಓಡಿದ ಮೇಲೆ ದುಡ್ಡು.

ಬ್ರೇಕು ಉಸ್ತಾದ್ ಮಾಡ್ದ. ಸ್ಟೇರಿಂಗ್ ಕೆಲಸ ಪುಟ್ಟಮಾದ ಬಾಯಿಬಿಟ್ಟು ಕೇಳಿ ತಗೊಂಡ.

ಸ್ಟೇರಿಂಗ್ ಬಾಕ್ಸು ಬಿಚ್ಚಿ ಬಲಗಡೆಗೆ ತಂದು ಇಟ್ರೆ ಕೂರ್ಲಿಲ್ಲ. ಎಡಗಡೆಗೆ ಅಂತ ಹುಟ್ಟಿದ್ದು, ಬಲಗಡೆ ಎಲ್ಲಿ ಕೂರುತ್ತೆ. ಇಂಜಿನ್ನಿಗೆ ತಾಗ್ತಿತ್ತು. ಪುಟ್ಟಮಾದ ಅದನ್ನ ತಲೆಕೆಳಗು ಮಾಡಿ ಇಟ್ಟ. ಹೂವಿನಂಗೆ ಕೂತ್ಕೊಂಡ್ತು. ತನ್ನ ಬೆನ್ನು ತಾನೇ ತಟ್ಕೊಂಡ.

ಮುಂದಿನ ಚಕ್ರ ಜಾಕಿ ಮೇಲೆ ಎತ್ತಿ ಒಳಗೆ ಹೋಗಿ ಕೂತ. ಅಲ್ಲಿಂದ ಚಕ್ರ ಕಾಣಲ್ಲ. ಹೊರಗಡೆ ಉಸ್ತಾದ್ ಬೀಡಿ ಹಚ್ಕೊಂಡು ಕೂತಿದ್ದ. ಪುಟ್ಟಮಾದ ಸ್ಟೇರಿಂಗ್ ಎಳೆದು ಕೂಗ್ದ.

"ತಿರುಗ್ತಾ?"

"ತಿರುಗ್ತು."

ಬೆಳಗಾಗೆದ್ದು ಕಾರು ಹೊರಗೆ ತೆಗೆದ್ರು. ಗ್ಯಾರೇಜಿಂದ ನೇರ ನಾಲೆ ಏರಿ. ಒಂದು ಗಾಡಿ ಹೋಗೋಷ್ಟು ಜಾಗ. ಬಲಗಡೆ ನಾಲೆ ತುಂಬಾ ನೀರು, ಎಡಗಡೆ ಗದ್ದೆಗೆ ಇಳುಕಲು. ನಾಲೆ ನೀರು ಹೊಳೆ ನೀರಿನಂಗಲ್ಲ, ಸದ್ದು ಮಾಡಲ್ಲ. ಎತ್ತಿನ ಗಾಡೀನ ಎತ್ತು ಸಮೇತ ನುಂಗಿ ಏನೂ ಆಗೇ ಇಲ್ಲ ಅನ್ನಂಗೆ ಹರ್ಕೊಂಡು ಹೋಗಿದ್ದನ್ನ ಆ ಊರು ನೋಡಿತ್ತು. ಪುಟ್ಟಮಾದನಿಗೆ ಈಜು ಬರ್ತಿರ್ಲಿಲ್ಲ.

ಬಲಗಡೆ ಪುಟ್ಟಮಾದ, ಎಡಗಡೆ ಉಸ್ತಾದ್. ಇಂಜಿನ್ನು ಗುಂಯ್ ಅಂತು. ಏರಿ ನೇರವಾಗಿತ್ತು, ಕಾರೂ ನೇರ ಹೋಯ್ತು. ಪುಟ್ಟಮಾದನಿಗೆ ಹುರುಪು ಬಂತು, ಕಾಲು ಒತ್ತಿದ. ಹುಣಸೆ ಮರ ಹಿಂದಕ್ಕೆ ಹಾರಿ ಹೋಯ್ತು.

ಕಾರು ಒಂಚೂರು ಬಲಕ್ಕೆ ವಾಲಿದಂಗಾಯ್ತು. ಅವನು ಒಂಚೂರು ಎಡಕ್ಕೆ ಎಳೆದ.

ಕಾರು ಇನ್ನೂ ಬಲಕ್ಕೆ ಹೋಯ್ತು.

ಜಾಸ್ತಿ ಎಡಕ್ಕೆ ಎಳೆದ. ಕಾರು ಜಾಸ್ತಿ ಬಲಕ್ಕೆ, ನೀರಿನ ಕಡೆಗೆ ತಿರುಗ್ತು.

ಕೈ ತನ್ನದಲ್ಲ, ಕಾರು ತನ್ನದಲ್ಲ. ಬ್ರೇಕು ತುಳಿದ. ಉಸ್ತಾದ್ ಹಾಕಿದ್ದ ಹೊಸ ಬ್ರೇಕು ಕಚ್ಚಿ ಹಿಡೀತು. ಜಲ್ಲಿ ಮೇಲೆ ಕಾರಿನ ಹಿಂಭಾಗ ಹಾವಿನಂಗೆ ಹೊರಳಿತು. ಬ್ರೇಕಿಂದ ಕಾಲು ತಾನಾಗೇ ಮೇಲೆ ಬಂತು. ಮುಂದೆ ಬರೀ ನೀರು ಕಾಣ್ತಿತ್ತು. ಕಂದು ಬಣ್ಣದ ನೀರು, ಸದ್ದಿಲ್ಲದ್ದು.

"ಕೈ ಬಿಡು," ಅಂದ ಉಸ್ತಾದ್.

ಪುಟ್ಟಮಾದ ಇನ್ನೂ ಗಟ್ಟಿಯಾಗಿ ಹಿಡ್ಕೊಂಡ. ಬೆರಳು ಬಿಡಿಸೋಕೆ ಅವನಿಗೇ ಆಗ್ತಿರ್ಲಿಲ್ಲ.

ಉಸ್ತಾದ್ ಕೂಗ್ಲಿಲ್ಲ. ತನ್ನ ಎರಡೂ ಕೈ ತೊಡೆ ಮೇಲೆ ಇಟ್ಕೊಂಡ, ನಮಾಜಿಗೆ ಕೂತೋನಂಗೆ.

"ಮಾದ. ಕೈ ಬಿಡು."

ಬಿಟ್ಟ.

ಸ್ಟೇರಿಂಗ್ ಗಿರ್ರನೆ ತಾನೇ ತಿರುಗಿ ನೇರ ಬಂತು. ಓಡೋ ಚಕ್ರ ಹಂಗೇ, ಬಿಟ್ರೆ ನೇರಕ್ಕೆ ಬರುತ್ತೆ. ಕಾರು ದಡದ ಅಂಚು ಸವರ್ಕೊಂಡು ಹೋಗಿ, ನಿಧಾನ ಆಗಿ, ತೂಬಿನ ಹತ್ರ ನಿಂತ್ಕೊಂಡ್ತು. ಬಲಗಡೆ ಮುಂದಿನ ಚಕ್ರದ ಕೆಳಗಿಂದ ಮಣ್ಣು ಉದುರಿ ನೀರಿಗೆ ಬೀಳ್ತಿತ್ತು. ಪುಟ್ಟಮಾದ ಅದನ್ನೇ ನೋಡ್ತಾ ಕೂತ.

ಆಮೇಲೆ ಇಳಿದು ಗದ್ದೆ ಕಡೆ ಹೋಗಿ ವಾಂತಿ ಮಾಡ್ದ.

ವಾಪಸ್ ಬಂದಾಗ ಉಸ್ತಾದ್ ತೂಬಿನ ಕಟ್ಟೆ ಮೇಲೆ ಕೂತಿದ್ದ.

"ಜಾಕಿ ಮೇಲೆ ಇದ್ದಾಗ ನನ್ನ ಏನ್ ಕೇಳ್ದೆ?"

"ತಿರುಗ್ತಾ ಅಂತ."

"ನಾನು ಏನಂದೆ?"

"ತಿರುಗ್ತು ಅಂದ್ರಿ."

"ಇಬ್ರೂ ಸುಳ್ಳು ಹೇಳಿಲ್ಲ."

ಪುಟ್ಟಮಾದನಿಗೆ ಆಗ ಹೊಳೀತು. ತಲೆಕೆಳಗು ಇಟ್ಟ ಬಾಕ್ಸು ಎಡಕ್ಕೆ ಎಳೆದ್ರೆ ಬಲಕ್ಕೆ ತಿರುಗಿಸುತ್ತೆ. ಯಾವ ಕಡೆಗೆ ಅಂತ ಅವನು ಕೇಳಿರ್ಲಿಲ್ಲ. ಉಸ್ತಾದೂ ಅದನ್ನ ನೋಡಿರ್ಲಿಲ್ಲ.

ಇನ್ನು ನಾನು ಈ ಕೆಲಸ ಮುಟ್ಟಲ್ಲ, ಟ್ರ್ಯಾಕ್ಟರೇ ಸಾಕು, ಈ ಕಾರನ್ನ ಎತ್ತು ಕಟ್ಟಿ ಎಳೆಸ್ಕೊಂಡು ಹೋಗಿ ಅಂದ. ಉಸ್ತಾದ್ ಕಿವಿಗೆ ಹಾಕ್ಕೊಳ್ಲಿಲ್ಲ. ತೂಬಿನ ಹತ್ರ ಜಾಗ ಅಗಲ. ಇಬ್ರೂ ಮುಂದಿನ ಚಕ್ರ ಎತ್ತೆತ್ತಿ ಇಟ್ಟು ಕಾರನ್ನ ಗ್ಯಾರೇಜ್ ಕಡೆಗೆ ತಿರುಗಿಸಿದ್ರು.

"ಹತ್ತು," ಅಂದ ಉಸ್ತಾದ್.

"ನನ್ನ ಕೈಲಿ ಆಗಲ್ಲ."

"ಈ ಊರಲ್ಲಿ ಇದರ ತಲೆಕೆಳಗು ಬುದ್ಧಿ ಗೊತ್ತಿರೋದು ನಿನಗೊಬ್ಬನಿಗೆ."

ಅಂದವನು ಕಾರಿನ ಮುಂದಕ್ಕೆ ಹೋದ. ಎರಡು ಮಾರು ದೂರದಲ್ಲಿ ಏರಿ ಮಧ್ಯಕ್ಕೆ ನಿಂತ. ಬೆನ್ನು ಕಾರಿಗೆ, ಮುಖ ಗ್ಯಾರೇಜಿಗೆ. ನಡೆಯೋಕೆ ಶುರು ಮಾಡ್ದ.

ಪುಟ್ಟಮಾದ ಹತ್ತಿದ. ಇಂಜಿನ್ನು ಸ್ಟಾರ್ಟ್ ಆಯ್ತು. ಮುದುಕ ಹೋಗ್ತಾನೇ ಇದ್ದ, ಬಿಟ್ಟು ಕೂರೋಕೆ ಆಗ್ಲಿಲ್ಲ.

ನೀರು ಈಗ ಎಡಗಡೆ. ನೀರಿಂದ ದೂರ ಹೋಗ್ಬೇಕು ಅಂದ್ರೆ ನೀರಿನ ಕಡೆಗೆ ಎಳೀಬೇಕು. ಮೈಯಲ್ಲಿರೋ ಒಂದೊಂದು ನರಾನೂ ಬೇಡ ಅಂತಿತ್ತು. ಒಂದ್ಸಲ ಮರೆತು ಮಾಮೂಲಿ ಕಾರಿನಂಗೆ ಎಳೆದ್ಬಿಟ್ಟ. ಕಾರು ನೀರಿನ ಕಡೆ ಹೊರಳ್ತು, ಗಾಬರೀಲಿ ವಾಪಸ್ ಎಳೆದು ಬ್ರೇಕು ತುಳಿದ. ಕಾರಿನ ಮೂತಿ ಮುದುಕನ ಮೊಣಕಾಲ ಹಿಂದೆ ಹೋಗಿ ನಿಂತ್ಕೊಂಡ್ತು, ಒಂದು ಗೇಣು ಉಳೀತು. ಮುದುಕ ಹೆಜ್ಜೆ ತಪ್ಪಿಸ್ಲಿಲ್ಲ. ತಿರುಗಿ ನೋಡ್ಲಿಲ್ಲ.

ಚಳಿ ಬೆಳಿಗ್ಗೆ ಅದು. ಆದ್ರೆ ಉಸ್ತಾದನ ಅಂಗಿ ಬೆನ್ನಿಗೆ ಅಂಟ್ಕೊಂಡಿತ್ತು. ಕುತ್ತಿಗೆಯಿಂದ ಸೊಂಟದವರೆಗೆ ಒದ್ದೆ. ಪುಟ್ಟಮಾದ ದಾರಿ ಪೂರ್ತಿ ಆ ಒದ್ದೆ ಬೆನ್ನನ್ನೇ ನೋಡ್ಕೊಂಡು ಬಂದ.

ಹುಣಸೆ ಮರದ ಕೆಳಗೆ ಕಾರು ನಿಲ್ಸಿ ಇಳಿದ. ಕೈ ಗಡಗಡ ನಡುಗ್ತಿತ್ತು. ಎರಡೂ ಕಂಕುಳಲ್ಲಿ ಸಿಕ್ಕಿಸ್ಕೊಂಡ, ನಡುಕ ನಿಲ್ಲಲಿಲ್ಲ. ಉಸ್ತಾದ್ ನೋಡ್ದ.

"ಉಸ್ತಾದ್, ನಿಮಗೂ ಭಯ ಆಗಿತ್ತು. ಒಂದ್ಸಲನಾದ್ರೂ ತಿರುಗಿ ನೋಡ್ಬಾರ್ದಾ?"

"ನನ್ನ ಮುಖ ನೋಡಿದ್ರೆ ನೀನು ಗಾಡಿ ಹೊಡೀತಿರ್ಲಿಲ್ಲ."

ಮಧ್ಯಾಹ್ನ ಗುರುಮಲ್ಲಪ್ಪ ಬಂದ. ಅಷ್ಟೊತ್ತಿಗೆ ಬಾಕ್ಸು ಬಿಚ್ಚಿ ನೆಲದ ಮೇಲಿಟ್ಟಿದ್ರು. ಪುಟ್ಟಮಾದ ಮೊದಲೇ ಬೇಡ್ಕೊಂಡಿದ್ದ. ಏರಿ ಮೇಲೆ ಯಾರೂ ಇರ್ಲಿಲ್ಲ, ಯಾರೂ ನೋಡಿಲ್ಲ, ಒಳಗೊಂದು ಲಿವರ್ ಕೂಡಿಸಿ ಎಡ ಬಲ ಸರಿ ಮಾಡೋಣ, ಬಾಯಿ ಮುಚ್ಕೊಂಡಿರಿ ಅಂದಿದ್ದ.

ಉಸ್ತಾದ್ ಗುರುಮಲ್ಲಪ್ಪನನ್ನ ಕೂರಿಸಿ ಎಲ್ಲಾ ಹೇಳ್ದ. ಬಾಕ್ಸು ತಲೆಕೆಳಗಾದದ್ದು, ಯಾವ ಕಡೆಗೆ ಅಂತ ನೋಡದೇ ತಾನು ತಿರುಗ್ತು ಅಂದದ್ದು, ಮಣ್ಣು ನೀರಿಗೆ ಉದುರಿದ್ದು, ಎಲ್ಲಾ. ಇನ್ನು ಏನು ಮಾಡ್ಬೇಕು ಅನ್ನೋದನ್ನೂ ಹೇಳ್ದ.

ಗುರುಮಲ್ಲಪ್ಪ ಕೊನೇ ಮಾತು ಕೇಳಿಸ್ಕೊಳ್ಳೇ ಇಲ್ಲ. ಅವನ ಮುಖ ಬೂದಿ ಬಣ್ಣ ಆಗಿತ್ತು. ಎಡಗಡೆ ಸೀಟು ನೋಡ್ದ, ನಾಲೆ ನೋಡ್ದ. ನನ್ನ ಮೊಮ್ಮಗಳು ಕೂರೋ ಜಾಗ ಅದು ಅಂದ. ಬೈಯ್ಲಿಲ್ಲ. ಬೈದಿದ್ರೆ ಎಷ್ಟೋ ವಾಸಿ. ಲಾರಿ ತರ್ಸಿ ಕಾರು ಹೇರಿಸ್ದ, ಹೊಸ ಬ್ರೇಕು, ಹೊಸ ಫ್ಯಾನು, ಹೊಸ ವೈರಿಂಗು ಸಮೇತ. ಒಂದು ಪೈಸೆ ಕೊಡ್ಲಿಲ್ಲ. ಉಸ್ತಾದ್ ಕೇಳ್ಲಿಲ್ಲ. ಕಾರು ನೆಟ್ಟಗೆ ಓಡಿರ್ಲಿಲ್ಲವಲ್ಲ.

ಲಾರಿ ಏರಿ ದಾಟಿ ಹೋಗೋವರೆಗೂ ಇಬ್ರೂ ಮರದ ಕೆಳಗೆ ನಿಂತಿದ್ರು. ತಗಡಿನ ಕೆಳಗೆ ಎಣ್ಣೆ ಕಲೆ ಮಾತ್ರ ಉಳಿದಿತ್ತು.

"ದುಡ್ಡೆಲ್ಲಾ ಹೋಯ್ತಾ ಉಸ್ತಾದ್?"

"ಹೋಯ್ತು."

ಪುಟ್ಟಮಾದನಿಗೆ ಆ ತಿರುಗ್ತಾ, ತಿರುಗ್ತು ನೆನಪಾಯ್ತು. ಉಸ್ತಾದ್ ಬೀಡಿ ಹಚ್ಚದೇ ಬೆರಳಲ್ಲಿ ಹಿಡ್ಕೊಂಡು ಕಾಯ್ತಿದ್ದ.

"ಎಷ್ಟು ಹೋಯ್ತು?"

ಉಸ್ತಾದ್ ಬೀಡಿ ಹಚ್ಕೊಂಡ.

"ಹಂಗೆ ಕೇಳು. ಮೂರು ಲಕ್ಷದ ಎಂಬತ್ತೇಳು ಸಾವಿರದ ಆರುನೂರ ನಲವತ್ತು ರೂಪಾಯಿ."