ಕಟ್ಟಿದ ಗಾಡಿ ಓಡಬೇಕು

ಒಂದಾನೊಂದು ಊರಿನಲ್ಲಿ ಒಬ್ಬ ರಾಜನಿದ್ದ. ಯಾವ ಊರು ಅಂತ ಕೇಳಬೇಡಿ. ಕೇಳಿದರೆ ಹೇಳುತ್ತೇನೆ, ಹೇಳಿದರೆ ನೀವು ಹುಡುಕಿಕೊಂಡು ಹೊರಡುತ್ತೀರಿ, ಹೊರಟರೆ ಇಲ್ಲಿ ಕತೆ ಕೇಳುವವರು ಯಾರು? ಸುಮ್ಮನೆ ಕೂತು ಕೇಳಿ. ರಾಜನ ಹೆಸರು ಗಂಟಭೂಪಾಲ.

ಒಂದು ಬೆಳಿಗ್ಗೆ ಈ ಗಂಟಭೂಪಾಲನ ಎಡಗಾಲಿನ ಚಪ್ಪಲಿ ಬಿಟ್ಟ ಜಾಗದಲ್ಲಿ ಇರಲಿಲ್ಲ. ನಾಯಿ ಕಚ್ಚಿಕೊಂಡು ಹೋಗಿರಬೇಕು ಅಂತ ಮಂತ್ರಿ ಹೇಳಿದ. ರಾಜ ಒಪ್ಪಲಿಲ್ಲ. "ಅದು ತಾನಾಗಿಯೇ ಎದ್ದು ಹೋಗಿದೆ. ಇವತ್ತು ಚಪ್ಪಲಿ ಹೋಯಿತು. ನಾಳೆ ಕಿರೀಟ ಹೋಗುತ್ತದೆ. ನಾಡಿದ್ದು ರಾಜ್ಯವೇ ಎದ್ದು ಹೋಗುತ್ತದೆ" ಅಂದ. ಅವತ್ತೇ ಕಟ್ಟಪ್ಪಣೆ ಹೊರಡಿಸಿದ. ಕಟ್ಟಪ್ಪಣೆ ಅಂದರೆ ಅವನ ಲೆಕ್ಕದಲ್ಲಿ ಕಟ್ಟುವ ಅಪ್ಪಣೆ. ರಾಜ್ಯದಲ್ಲಿ ಏನೇನಿದೆಯೋ ಎಲ್ಲವನ್ನೂ ಕಟ್ಟಿಹಾಕಬೇಕು.

ಕಟ್ಟಿದರು. ಕೊಡವನ್ನು ಬಾವಿಗೆ ಕಟ್ಟಿದರು. ಬಾವಿಯನ್ನು ಬೇವಿನ ಮರಕ್ಕೆ ಕಟ್ಟಿದರು. ಬೇವಿನ ಮರವನ್ನು ಪಟೇಲನ ಕಾಲಿಗೆ ಕಟ್ಟಿದರು. ಪಟೇಲ ಅಲ್ಲಿಂದ ಮುಂದಕ್ಕೆ ಎಲ್ಲೂ ಹೋಗಲಿಲ್ಲ. ಕಟ್ಟು ಅನ್ನುವ ಮಾತು ಕಿವಿಗೆ ಬಿದ್ದರೆ ಸಾಕು, ರಾಜನ ಮುಖ ಅರಳುತ್ತಿತ್ತು. ಮೋಡ ಕಟ್ಟಿದರೆ ಅರಮನೆಯಲ್ಲಿ ಹೋಳಿಗೆ. ಮೂಗು ಕಟ್ಟಿದವರಿಗೆ ಶಾಲು ಹೊದಿಸಿ ಸನ್ಮಾನ. ಗಂಟಲು ಕಟ್ಟಿದ ಹಾಡುಗಾರನೊಬ್ಬನನ್ನು ಹುಡುಕಿ ತಂದು ಆಸ್ಥಾನದಲ್ಲಿ ಇಟ್ಟುಕೊಂಡ. ಅವನು ಬಾಯಿ ತೆರೆದರೆ ಬರೀ ಗಾಳಿ ಬರುತ್ತಿತ್ತು, ಸಭೆ ಭಲೇ ಭಲೇ ಅನ್ನುತ್ತಿತ್ತು.

ಅದೇ ಊರಿನಲ್ಲಿ ಪಾಲಾಕ್ಷ ಅಂತ ಒಬ್ಬನಿದ್ದ. ಸೀಮೆಎಣ್ಣೆ ಸ್ಟೌ ರಿಪೇರಿ ಮಾಡುವವನು. ಅವನ ಹೆಂಡತಿ ಕೊಟ್ರಮ್ಮ. ಅವನಿಗೊಂದು ಹಳೇ ಮೋಟಾರ್ ಸೈಕಲ್ ಇತ್ತು, ಎಮ್ಮೆಯಷ್ಟು ಭಾರ, ಎಮ್ಮೆಯಷ್ಟೇ ನಿಧಾನ. ಪಾಲಾಕ್ಷ ಮುಂದೆ, ಕೊಟ್ರಮ್ಮ ಹಿಂದೆ. ಸಂತೆಗೆ ಹಾಗೆ, ಮದುವೆಮನೆಗೆ ಹಾಗೆ, ತವರಿಗೂ ಹಾಗೇ.

ಒಂದು ದಿನ ಪಾಲಾಕ್ಷ ಮಿರ್ಚಿ ಬಜ್ಜಿ ತಂದ. ಮಿರ್ಚಿ ಕಟ್ಟಿಕೊಟ್ಟ ಕಾಗದದಲ್ಲಿ ಒಂದು ಗಾಡಿಯ ಚಿತ್ರ. ಕುಳ್ಳಗಿತ್ತು. ಮೈಮೇಲೆ ಏನೂ ಇರಲಿಲ್ಲ. ಹಿಂದಿನ ಮಡ್‌ಗಾರ್ಡು ಗೇಣುದ್ದ. ಸೀಟು ಒಂದೇ. ಕೆಳಗೆ ಬರೆದಿತ್ತು: 'ಬಾಬ್ಬರ್ ಗಾಡಿ. ಮನೆಯಲ್ಲೇ ಕಟ್ಟಿ, ಕಡಿಮೆ ಖರ್ಚಿನಲ್ಲಿ ಕಟ್ಟಿ.' ಹೇಗೆ ಕಟ್ಟುವುದು ಅನ್ನುವುದು ಮಾತ್ರ ಎಣ್ಣೆಯಲ್ಲಿ ಅಳಿಸಿಹೋಗಿತ್ತು. ಪಾಲಾಕ್ಷ ಆ ಕಾಗದವನ್ನು ನೋಡುತ್ತಾ ಕೂತ. ಮಿರ್ಚಿ ತಣ್ಣಗಾಯಿತು, ಅವನಿಗೆ ತಲೆ ಬಿಸಿಯಾಯಿತು.

"ಲೇ ಕೊಟ್ರಿ, ನಾನೊಂದು ಬಾಬ್ಬರ್ ಕಟ್ತೀನಿ ಕಣೇ."

"ಕಟ್ರಿ. ರಾಜ್ರ ಅಪ್ಪಣೇನೂ ಐತಲ್ಲ. ಹಗ್ಗ ಅಟ್ಟದ ಮೇಲೈತಿ."

"ಆ ಕಟ್ಟೋದಲ್ಲ. ಗಾಡಿ ಕಟ್ಟೋದು. ಒಂದಿಷ್ಟು ದುಡ್ಡು ಬೇಕು."

ಕೊಟ್ರಮ್ಮ ಸಾಸಿವೆ ಡಬ್ಬಿ ತಂದು ಮುಂದಿಟ್ಟಳು. ಆ ಮನೆಯ ದುಡ್ಡೆಲ್ಲ ಇರುವುದು ಸಾಸಿವೆ ಡಬ್ಬಿಯಲ್ಲೇ. ಪಾಲಾಕ್ಷ ತಳದವರೆಗೂ ಕೈ ಹಾಕಿ ತಡಕಿದ. ಸಾಸಿವೆ ಸಿಕ್ಕಿತು.

"ಇಷ್ಟೇನಾ?"

"ಇಷ್ಟೇ. ಒಗ್ಗರಣೆಗೆ ಒಂದು ಹಿಡಿ ಬಿಟ್ಟು ಉಳಿದಿದ್ದು ನಿಮ್ಮ ಗಾಡಿಗೆ."

ಪಾಲಾಕ್ಷ ಯೋಚನೆ ಮಾಡಿದ. ಗಾಡಿಗೆ ಏನಾದರೂ ಹಾಕಬೇಕಾದರೆ ದುಡ್ಡು ಬೇಕು. ಬಿಚ್ಚಬೇಕಾದರೆ ಸ್ಪ್ಯಾನರ್ ಸಾಕು. ಚಿತ್ರದ ಗಾಡಿಯಲ್ಲಿ ಇರುವುದಕ್ಕಿಂತ ಇಲ್ಲದಿರುವುದೇ ಹೆಚ್ಚು. ಅಂದಮೇಲೆ ಕಟ್ಟುವುದು ಅಂದರೆ ಬಿಚ್ಚುವುದು. ಇಷ್ಟು ಸುಲಭದ ಕೆಲಸ ಲೋಕದಲ್ಲಿ ಯಾಕೆ ಯಾರೂ ಮಾಡಲಿಲ್ಲ ಅಂತ ಆಶ್ಚರ್ಯಪಟ್ಟು, ಅಂಗಳದಲ್ಲಿ ಗಾಡಿ ನಿಲ್ಲಿಸಿ ಸ್ಪ್ಯಾನರ್ ಹಿಡಿದ.

ಮಡ್‌ಗಾರ್ಡು ಬಾಯಿಬಿಟ್ಟಿತು. "ನನ್ನ ಯಾಕಪ್ಪಾ ಕೊಯ್ತೀಯ? ನಿನ್ನ ಬೆನ್ನಿಗೆ ಕೆಸರು ಹಾರದ ಹಾಗೆ ಕಾಯ್ತೀನಿ."

"ನನ್ನ ಬೆನ್ನು ನನಗೆ ಕಾಣಲ್ಲ. ಕಾಣದೇ ಇರೋದಕ್ಕೆ ಕಾವಲು ಯಾಕೆ?" ಅಂದ ಪಾಲಾಕ್ಷ. ಗೇಣುದ್ದ ಬಿಟ್ಟು ಉಳಿದದ್ದನ್ನು ಕೊಯ್ದ. ಗಾಡಿ ಎತ್ತಿ ನೋಡಿದ. ಇನ್ನೂ ಭಾರ.

ಕನ್ನಡಿ ಹೇಳಿತು, "ನಾನು ಹಿಂದಿರೋದನ್ನ ತೋರಿಸ್ತೀನಿ."

"ಹಿಂದೆ ಏನೈತಿ?"

"ಮಡ್‌ಗಾರ್ಡು ಇತ್ತು."

"ಈಗಿಲ್ಲ" ಅಂದ ಪಾಲಾಕ್ಷ. ಕನ್ನಡಿ ಬಿಚ್ಚಿದ. ಎತ್ತಿ ನೋಡಿದ. ಇನ್ನೂ ಭಾರ.

ಹಾರ್ನು ಕೂಗಾಡಿತು. ಕೂಗುವುದೇ ಅದರ ಕೆಲಸ ಅಂತ ಅವನು ಕಿವಿಗೆ ಹಾಕಿಕೊಳ್ಳಲಿಲ್ಲ, ಬಿಚ್ಚಿದ. ಸೀರೆ ಗಾರ್ಡು ಬಿಚ್ಚಿದ. ಹೆಂಗಸರು ಕಾಲಿಡುವ ಕಂಬಿ ಬಿಚ್ಚಿದ. ಚಕ್ರದ ಬೇರಿಂಗಿನ ಗುಂಡುಗಳು ಸವೆದಿದ್ದವು, ಅವನ್ನು ತೆಗೆದು ಸಾಸಿವೆ ತುಂಬಿದ. ಬಣ್ಣಕ್ಕೆ ಹಂಚಿನ ಮಸಿ ಬಳಿದ. ಸೈಲೆನ್ಸರಿಗೆ ಹಳೇ ಪಂಚೆ ಹರಿದು ಸುತ್ತಿದ. ಎತ್ತಿ ನೋಡಿದ. ಇನ್ನೂ ಒಂಚೂರು ಭಾರ.

ಉಳಿದದ್ದು ಹಿಂದಿನ ಸೀಟು. ಅದು ವಾದ ಮಾಡಲಿಲ್ಲ. "ನನ್ನ ಕೇಳಬೇಡ, ಕೊಟ್ರಮ್ಮನ್ನ ಕೇಳು" ಅಂದಿತು.

ಕೊಟ್ರಮ್ಮ ಬಾಗಿಲಲ್ಲೇ ನಿಂತಿದ್ದಳು. "ಅದನ್ನ ಬಿಚ್ಚಿದ್ರೆ ನಾನೆಲ್ಲಿ ಕುಂದ್ರಲಿ?"

"ಬಾಬ್ಬರಿಗೆ ಒಂದೇ ಸೀಟು ಕಣೇ. ಚಿತ್ರದಾಗೆ ಹಂಗೇ ಐತಿ."

"ಚಿತ್ರದಾಗೆ ಅದರ ಮೇಲೆ ಯಾರು ಕುಂತಿದ್ರು?"

"ಯಾರೂ ಇಲ್ಲ."

"ಹಂಗಾದ್ರೆ ಮುಂದಿನ ಸೀಟೂ ಬಿಚ್ರಿ."

ಪಾಲಾಕ್ಷ ತಲೆ ಕೆರೆದುಕೊಂಡ. ಕೊಟ್ರಮ್ಮ ನಗಲಿಲ್ಲ. "ನೋಡ್ರಿ, ನನ್ನ ಕಟ್ಕೊಂಡು ಹನ್ನೆರಡು ವರ್ಷ ಆತು. ಆ ಸೀಟು ಬಿಚ್ಚಿದ್ರೆ ನನ್ನ ಬಿಚ್ಚಿದಂಗೆ. ನಡ್ಕಂಡೇ ತವರಿಗೆ ಹೋಗ್ತೀನಿ. ಆಮೇಲೆ ಕರೆಯೋಕೆ ಬಂದ್ರೆ ಎಲ್ಲಿ ಕುಂದ್ರಿಸ್ಕಂಡು ಬರ್ತೀರಿ ಅಂತ ಯೋಚ್ನೆ ಮಾಡ್ಕಳ್ರಿ."

ಅವಳು ಆಡಿದ್ದನ್ನು ಮಾಡುವವಳು. ಪಾಲಾಕ್ಷ ಸ್ಪ್ಯಾನರ್ ಕೆಳಗಿಟ್ಟ.

ಅಷ್ಟರಲ್ಲಿ ಸುದ್ದಿ ಅರಮನೆಗೆ ಮುಟ್ಟಿತ್ತು. ಪಾಲಾಕ್ಷ ಮನೆಯಲ್ಲೇ ಗಾಡಿ ಕಟ್ಟುತ್ತಿದ್ದಾನಂತೆ. ಯಾರೂ ಹೇಳದೆ, ಹೆದರಿಸದೆ, ತಾನಾಗಿಯೇ ಕಟ್ಟುವ ಪ್ರಜೆ. ರಾಜನಿಗೆ ಕಣ್ಣು ತುಂಬಿತು. ಹಾರ ತೆಗೆದುಕೊಂಡು ಮಂತ್ರಿಯ ಜೊತೆ ಹೊರಟ. ಇಬ್ಬರ ಸೊಂಟಕ್ಕೂ ಒಂದೇ ಹಗ್ಗ. ಬಂದು ನೋಡಿದರೆ ಅಂಗಳದ ತುಂಬ ಬಿಚ್ಚಿ ಹರಡಿದ ಸಾಮಾನು.

"ಕಟ್ಟುತ್ತೇನೆ ಅಂದವನು ಎಲ್ಲ ಬಿಚ್ಚಿದ್ದೀಯಲ್ಲ?"

"ಮಹಾಸ್ವಾಮಿ, ಬಿಚ್ಚದೆ ಕಟ್ಟೋದು ಹೆಂಗೆ?"

ರಾಜ ಮಂತ್ರಿಯ ಮುಖ ನೋಡಿದ. ಮಂತ್ರಿ ಆಕಾಶ ನೋಡಿದ. ಆಮೇಲೆ ರಾಜ ಗಂಟಲು ಸರಿಮಾಡಿಕೊಂಡು ತೀರ್ಪು ಕೊಟ್ಟ. "ನಾಳೆ ಮಧ್ಯಾಹ್ನದೊಳಗೆ ಇದನ್ನು ಕಟ್ಟಿ ಮುಗಿಸು. ಕಟ್ಟಿದ್ದು ಕಟ್ಟಿಯೇ ಇರಬೇಕು. ಆದರೆ ಇದು ಗಾಡಿ, ಆದ್ದರಿಂದ ಓಡಲೂ ಬೇಕು. ಕಟ್ಟಿ ಓಡದಿದ್ದರೂ ತಪ್ಪು, ಓಡಿ ಕಟ್ಟಿರದಿದ್ದರೂ ತಪ್ಪು. ತಪ್ಪಿದರೆ ಅರಮನೆಗೆ ಹೊಸ ಗೋಡೆ ಕಟ್ಟಿಸುತ್ತಿದ್ದೇನೆ, ಅದರೊಳಗೆ ನಿನ್ನನ್ನೂ ಸೇರಿಸಿ ಕಟ್ಟಿಸುತ್ತೇನೆ."

ಹಾರವನ್ನು ಕೊಡಲಿಲ್ಲ, ವಾಪಸ್ ತೆಗೆದುಕೊಂಡು ಹೋದ.

ಮರುದಿನ ಬೆಳಿಗ್ಗೆ ಪಾಲಾಕ್ಷ ಗಾಡಿಯನ್ನು ಕಂಬಕ್ಕೆ ಕಟ್ಟಿ ಕಿಕ್ ಹೊಡೆದ. ಓಡಲಿಲ್ಲ. ಬಿಚ್ಚಿದ. ಓಡಿತು, ಆದರೆ ಕಟ್ಟಿರಲಿಲ್ಲ. ಹಗ್ಗವನ್ನೇ ಬೇಡಿಕೊಂಡ. "ಕಟ್ಟು ಅಂದ್ರೆ ಹಿಡ್ಕಂತೀನಿ, ಓಡು ಅಂದ್ರೆ ಬಿಡ್ತೀನಿ. ಎರಡೂ ಒಟ್ಟಿಗೆ ಮಾಡೋ ರೂಢಿ ನಮ್ಮ ಮನೆತನದಾಗೇ ಇಲ್ಲ" ಅಂದಿತು ಹಗ್ಗ.

ಪಾಲಾಕ್ಷ ಮತ್ತೆ ಯೋಚನೆ ಮಾಡಿದ. ಗಾಡಿ ಹಗುರವಾದರೆ ಹಗ್ಗವೇ ಬೇಡ, ಹೊಲಿಗೆ ದಾರ ಸಾಕು. ದಾರ ಉದ್ದ ಬಿಟ್ಟಷ್ಟೂ ಓಡುತ್ತದೆ, ದಾರ ಇರುವಷ್ಟೂ ಕಟ್ಟಿರುತ್ತದೆ. ಇನ್ನೂ ಒಂಚೂರು ಭಾರ ಇಳಿಸಿದರೆ ಆಯಿತು. ಕೊಟ್ರಮ್ಮ ನೀರಿಗೆ ಹೋಗಿದ್ದಳು. ಗೋಡೆಯೊಳಗೆ ನಿಂತಿರುವ ತನ್ನನ್ನು ನೆನೆಸಿಕೊಂಡ. ಗಾಡಿಗೆ ದಾರ ಕಟ್ಟಿ, ಮುಂದಿನ ಸೀಟಿನ ಮೇಲೆ ಕೂತು, ಕೈ ಹಿಂದೆ ಮಾಡಿ ಹಿಂದಿನ ಸೀಟಿನ ಕೊನೆಯ ನಟ್ಟು ಬಿಚ್ಚಿಯೇಬಿಟ್ಟ.

ಸೀಟು ಕೆಳಗೆ ಬಿತ್ತು. ಗಾಡಿ ಮೇಲಕ್ಕೆ ಎದ್ದಿತು.

ಮೊಣಕಾಲಿನೆತ್ತರ ಎದ್ದಿತು. ಆಳೆತ್ತರ ಎದ್ದಿತು. ದಾರ ಪಟ್ ಅಂತ ಹರಿಯಿತು. ಗಾಡಿ ಮನೆಯ ಹೆಂಚು ದಾಟಿತು. ಪಾಲಾಕ್ಷ ಹ್ಯಾಂಡಲ್ಲು ತಬ್ಬಿಕೊಂಡು ಕಣ್ಣು ಮುಚ್ಚಿದ. ತೆರೆದಾಗ ಕೆಳಗೆ ಕೊಟ್ರಮ್ಮ ನೀರು ಹೊತ್ತು ಬಂದಿದ್ದಳು. ಮೇಲೆ ನೋಡಲಿಲ್ಲ. ನೆಲದ ಮೇಲೆ ಬಿದ್ದಿದ್ದ ಸೀಟು ನೋಡಿದಳು. ಒಳಗೆ ಹೋದಳು, ಬಟ್ಟೆಯ ಗಂಟು ಕಟ್ಟಿಕೊಂಡು ಹೊರಗೆ ಬಂದಳು, ತವರಿನ ದಾರಿ ಹಿಡಿದಳು.

ಪಾಲಾಕ್ಷನಿಗೆ ಗೋಡೆ ಮರೆತುಹೋಯಿತು. ರಾಜ ಮರೆತುಹೋದ. ಅವಳು ಹೋಗುವುದನ್ನು ಅವನು ಯಾವತ್ತೂ ನೋಡಿರಲಿಲ್ಲ. ಹೋದಾಗಲೆಲ್ಲ ಅವಳು ಅವನ ಬೆನ್ನಿಗೇ ಕೂತು ಹೋಗಿದ್ದಳು.

"ಕೊಟ್ರೀ, ನಿಂತ್ಕಳೇ. ನಾನು ಹೊಂಟೆ."

"ನಾನೂ ಹೊಂಟೆ."

"ನಾನು ಮೇಲಕ್ಕೆ ಹೊಂಟೆ ಕಣೇ."

ಆಗ ಅವಳು ತಲೆಯೆತ್ತಿದಳು. "ಹಂಗ್ಯಾಕೆ ಹೊಂಟ್ರಿ?"

"ಭಾರ ಇಲ್ಲ."

"ಭಾರ ಬ್ಯಾಡ ಅಂತ ನೀವೇ ಬಿಚ್ಚಿದ್ದು."

"ತಪ್ಪಾತು. ನೀನು ಕುಂತಿದ್ದಕ್ಕೇ ಇದು ಇಷ್ಟು ದಿನ ನೆಲದ ಮೇಲಿತ್ತು. ನಿನ್ನ ಬಿಟ್ಟು ನಾನು ಎಲ್ಲಿಗೂ ಹೋಗೋಕಾಗಲ್ಲ, ಹಿಂಗೆ ಮೇಲಕ್ಕೆ ಹೋಗೋದು ಬಿಟ್ರೆ."

ಕೊಟ್ರಮ್ಮನಿಗೆ ಸಿಟ್ಟೂ ಇತ್ತು, ಅಯ್ಯೋ ಪಾಪ ಅಂತಲೂ ಅನ್ನಿಸಿತು. ಗಂಟು ಕೆಳಗಿಟ್ಟಳು. "ಸೀಟು ಹಾಕ್ತೀರಾ?"

"ಹಾಕ್ತೀನಿ."

"ಕಾಲಿಡೋ ಕಂಬಿ?"

"ಹಾಕ್ತೀನಿ."

"ಸೀರೆ ಗಾರ್ಡು?"

"ಅದನ್ನೇ ಮೊದ್ಲು ಹಾಕ್ತೀನಿ ಕಣೇ, ಬೇಗ ಕೊಡು."

ಬಟ್ಟೆ ಒಣಹಾಕುವ ಗಳಕ್ಕೆ ಸಿಕ್ಕಿಸಿ ಒಂದೊಂದೇ ಮೇಲಕ್ಕೆ ಕೊಟ್ಟಳು. ಸೀರೆ ಗಾರ್ಡು ಹಾಕಿದ, ಗಾಡಿ ಒಂದು ಮೊಳ ಇಳಿಯಿತು. ಕಂಬಿ ಹಾಕಿದ, ಇನ್ನೊಂದು ಮೊಳ ಇಳಿಯಿತು. ಸೀಟು ಹಾಕಿದ, ಜಗಲಿಯ ಮಟ್ಟಕ್ಕೆ ಬಂದು ನಿಂತಿತು. ಕೊಟ್ರಮ್ಮ ಜಗಲಿ ಹತ್ತಿ, ಸೀರೆ ಸರಿಮಾಡಿಕೊಂಡು ಕೂತಳು. ಗಾಡಿ ನೆಲಕ್ಕೆ ಮುಟ್ಟಿತು.

ಅಷ್ಟು ಹೊತ್ತಿಗೆ ಮಧ್ಯಾಹ್ನವಾಗಿತ್ತು. ರಾಜ, ಹಿಂದೆ ಮಂತ್ರಿ, ನಡುವೆ ಹಗ್ಗ.

"ಕಟ್ಟಿದ್ದೀಯಾ?"

"ಕಟ್ಟಿದ್ದೀನಿ, ಮಹಾಸ್ವಾಮಿ."

"ಓಡಿಸು."

ಓಡಿಸಿದ. ಚಕ್ರ ಬಿಸಿಯಾಗಿ ಸಾಸಿವೆ ಚಟಪಟ ಅಂದಿತು, ಬೀದಿಯೆಲ್ಲ ಒಗ್ಗರಣೆಯ ವಾಸನೆ. ಒಂದು ಸುತ್ತು ಹೋಗಿ ಬಂದು ನಿಂತರು. ರಾಜ ಗಾಡಿಯ ಸುತ್ತ ಬಗ್ಗಿ ನೋಡಿದ. "ಓಡಿತು ಸರಿ. ಕಟ್ಟಿದ ಹಗ್ಗ ಎಲ್ಲಿ?"

ಕೊಟ್ರಮ್ಮ ಕೊರಳಿನ ತಾಳಿ ಎತ್ತಿ ತೋರಿಸಿದಳು. "ಇಲ್ಲೈತಿ, ಸ್ವಾಮೀ. ಮೂರು ಗಂಟು. ಹನ್ನೆರಡು ವರ್ಷದ ಹಿಂದೆ ಇವರೇ ಹಾಕಿದ್ದು."

"ಅಂದರೆ ಕಟ್ಟಿಸಿಕೊಂಡವಳು ನೀನು. ಗಾಡಿಯಲ್ಲ."

"ಹಗ್ಗ ಯಾರ ಹತ್ರ ಐತೋ ಅವರು ಹಿಡಿದೋರು. ಹಗ್ಗ ನನ್ನ ಹತ್ರ ಐತಿ. ಅಂದಮ್ಯಾಲೆ ಕಟ್ಟಿಸ್ಕಂಡಿದ್ದು ಇವರು. ಇವರು ಗಾಡಿ ಬಿಟ್ಟಿಳಿಯಲ್ಲ, ಹಂಗಾಗಿ ಗಾಡೀನೂ ಕಟ್ಟಿದಂಗೇ ಆತಲ್ಲ."

ರಾಜ ಬೆರಳು ಮಡಿಚಿ ಲೆಕ್ಕ ಹಾಕಿದ. ತಪ್ಪು ಸಿಗಲಿಲ್ಲ. "ಹನ್ನೆರಡು ವರ್ಷದಲ್ಲಿ ಬಿಟ್ಟು ಹೋಗಲೇ ಇಲ್ಲವೇ?"

"ಇವತ್ತು ಬೆಳಿಗ್ಗೆ ಹೊಂಟಿದ್ದೆ."

"ಮತ್ತೆ?"

"ಕುಂದ್ರೋಕೆ ಜಾಗ ಸಿಕ್ತು."

ರಾಜ ಬಗ್ಗಿ ಹಿಂದಿನ ಸೀಟು ನೋಡಿದ. ಆಮೇಲೆ ಮಂತ್ರಿಯ ಕಡೆ ತಿರುಗಿದ. "ನಮ್ಮ ಸಿಂಹಾಸನದಲ್ಲಿ ಎಷ್ಟು ಸೀಟು?"

"ಒಂದೇ, ಮಹಾಸ್ವಾಮಿ."

"ರಾಣಿ ಎಲ್ಲಿ?"

ಮಂತ್ರಿ ನೆಲ ನೋಡಿದ. "ಅವರು ಅರಮನೆ ಬಿಟ್ಟು ಹೋಗಿ ಎರಡು ವರ್ಷವಾಯಿತು, ಮಹಾಸ್ವಾಮಿ. ಹೇಳೋಣ ಅಂತ ಬಂದಿದ್ದೆ. ತಾವು ಬಾವಿ ಕಟ್ಟಿಸುವುದರಲ್ಲಿ ಇದ್ದಿರಿ."

ಗಂಟಭೂಪಾಲ ಸೊಂಟದ ಹಗ್ಗ ತಾನೇ ಬಿಚ್ಚಿಕೊಂಡ. ಪಾಲಾಕ್ಷನ ಕೈಯಿಂದ ಸ್ಪ್ಯಾನರ್ ಇಸಿದುಕೊಂಡು, ಅದನ್ನು ಹಿಡಿಯುವುದು ಯಾವ ಕಡೆಯಿಂದ ಅಂತ ಕೇಳಿ ತಿಳಿದುಕೊಂಡು, ಅರಮನೆಗೆ ನಡೆದ. ಸಿಂಹಾಸನ ಉದ್ದ ಮಾಡಿದನಂತೆ. ಒಂದು ತುದಿಯಲ್ಲಿ ತಾನು ಕೂತು, ಇನ್ನೊಂದು ತುದಿಯನ್ನು ದಿನಾ ಬೆಳಿಗ್ಗೆ ಒರೆಸುತ್ತಾನಂತೆ. ರಾಣಿ ಬಂದಳೋ ಇಲ್ಲವೋ, ನನಗೆ ಹೇಳಿದವರು ಅಷ್ಟಕ್ಕೇ ನಿಲ್ಲಿಸಿದರು.

ನೀತಿ ಏನಪ್ಪಾ ಅಂದರೆ, ಮನೆಯಲ್ಲಿ ಗಾಡಿ ಕಟ್ಟುವವರು ಮೊದಲು ಹಿಂದಿನ ಸೀಟು ಕಟ್ಟಿ, ಆಮೇಲೆ ಅದರ ಮುಂದೆ ಏನಾದರೂ ಕಟ್ಟಿಕೊಳ್ಳಿ. ಪಾಲಾಕ್ಷ, ಕೊಟ್ರಮ್ಮ ಇಬ್ಬರೂ ಡುಗುಡುಗು ಅಂತ ತವರಿಗೆ ಹೋದರು. ನಾನು ನಡೆದುಕೊಂಡು ಇಲ್ಲಿಗೆ ಬಂದೆ. ಕಟ್ಟುಕತೆ ಅಂತ ಬೈಯಬೇಡಿ. ಕಟ್ಟಿದ್ದು ನಾನು, ಬಿಚ್ಚಿಕೊಳ್ಳುವುದು ನಿಮಗೆ ಬಿಟ್ಟಿದ್ದು.